ಕಡ್ಡಿ ಪೂರ್ತಿ ಇದೆ, ನೆಟ್ ಯಾಕಿಲ್ಲ?

"ಸಿಗ್ನಲ್ ಫುಲ್ ಇದೆ, ಆದ್ರೂ ನೆಟ್ ಬರ್ತಿಲ್ಲ." ವೈಫೈ ದೂರು ಶುರುವಾಗುವುದೇ ಹೆಚ್ಚಾಗಿ ಈ ಮಾತಿನಿಂದ. ಎಷ್ಟು ಸಲ ಬಿಡಿಸಿ ಹೇಳಿದರೂ ಇದೊಂದು ತಪ್ಪು ತಿಳಿವಳಿಕೆ ಹೋಗುವುದಿಲ್ಲ. ಫೋನಿನ ಮೂಲೆಯಲ್ಲಿ ಕಾಣುವ ಆ ಕಡ್ಡಿಗಳು ಇಂಟರ್ನೆಟ್ಟಿನ ಅಳತೆಯಲ್ಲ. ರೂಟರ್‌ನ ದನಿ ನಿಮ್ಮ ಫೋನಿಗೆ ಎಷ್ಟು ಜೋರಾಗಿ ಕೇಳುತ್ತಿದೆ ಅನ್ನುವುದಷ್ಟೇ ಅದರಲ್ಲಿ ಕಾಣುವುದು. ಹೊರಗಡೆ ಫೈಬರ್ ತುಂಡಾಗಿ ಬಿದ್ದಿದ್ದರೂ ಕಡ್ಡಿ ಪೂರ್ತಿಯೇ ಇರುತ್ತದೆ. ಫೋನು ಪಕ್ಕದಲ್ಲೊಂದು ಆಶ್ಚರ್ಯಸೂಚಕ ಚಿಹ್ನೆ ತೋರಿಸಬಹುದು, ಕಡ್ಡಿಯಂತೂ ಇಳಿಯುವುದಿಲ್ಲ.

ದಾರಿ ಎರಡು ತುಂಡು. ಫೋನಿನಿಂದ ರೂಟರ್‌ವರೆಗೆ ಒಂದು, ರೂಟರ್‌ನಿಂದ ಆಚೆಗೆ ಇನ್ನೊಂದು. ಮೊದಲನೆಯದು ಮಾತ್ರ ವೈಫೈ. ಯಾವ ತುಂಡು ಕೆಟ್ಟಿದೆ ಎಂದು ನೋಡದೆ ಹೊಸ ರೂಟರ್ ತಂದರೆ, ಹಳೆಯ ತೊಂದರೆ ಹೊಸ ಡಬ್ಬಿಯಲ್ಲಿ ಮುಂದುವರಿಯುತ್ತದೆ. ಹಾಗೆ ದುಡ್ಡು ಕಳೆದುಕೊಂಡವರನ್ನು ಕಂಡಾಗ ನಿಜಕ್ಕೂ ಬೇಸರವಾಗುತ್ತದೆ. ಪತ್ತೆ ಮಾಡಲು ಬೇಕಾದದ್ದು ಒಂದು ಲ್ಯಾಪ್‌ಟಾಪ್ ಮತ್ತು ಸ್ವಲ್ಪ ತಾಳ್ಮೆ, ಅಷ್ಟೇ.

ವೈಫೈ ಸೆಟ್ಟಿಂಗ್ಸ್‌ನಲ್ಲಿ ಗೇಟ್‌ವೇ ಅಥವಾ ರೂಟರ್ ಎಂಬ ಹೆಸರಿನ ಮುಂದೆ ಒಂದು ವಿಳಾಸ ಇರುತ್ತದೆ, ಸಾಮಾನ್ಯವಾಗಿ 192.168.1.1 ಅಥವಾ 192.168.0.1. ಕಮಾಂಡ್ ಪ್ರಾಂಪ್ಟ್ ಇಲ್ಲವೇ ಟರ್ಮಿನಲ್‌ನ ಎರಡು ಕಿಟಕಿ ತೆರೆಯಿರಿ. ಒಂದರಲ್ಲಿ ಆ ವಿಳಾಸಕ್ಕೆ ಪಿಂಗ್ ಕೊಡಿ (ping ಎಂದು ಬರೆದು ಮುಂದೆ ವಿಳಾಸ ಹಾಕಿದರೆ, ಅಲ್ಲಿಂದ ಉತ್ತರ ಬರಲು ಎಷ್ಟು ಹೊತ್ತು ಹಿಡಿಯಿತು ಎಂದು ತೋರಿಸುತ್ತದೆ), ಇನ್ನೊಂದರಲ್ಲಿ ಹೊರಗಿನ ಇಂಟರ್ನೆಟ್ಟಿನಲ್ಲಿರುವ ಗೂಗಲ್ ಸರ್ವರ್ 8.8.8.8ಕ್ಕೆ. ವಿಂಡೋಸ್‌ನಲ್ಲಿ ನಾಲ್ಕೇ ಸಲಕ್ಕೆ ನಿಂತುಬಿಡುತ್ತದೆ, ಕೊನೆಯಲ್ಲಿ ಹೈಫನ್ ಮತ್ತು ಟಿ ಸೇರಿಸಿದರೆ ನೀವು ನಿಲ್ಲಿಸುವವರೆಗೂ ಓಡುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ತೊಂದರೆ ಬರುವ ತನಕ ಕಾಯಿರಿ.

ಈಗ ಸಾಲುಗಳನ್ನು ಓದಿ. ಮೊದಲ ಕಿಟಕಿಯಲ್ಲಿ 2, 3, 2, 4 ಮಿಲಿಸೆಕೆಂಡ್ ಎಂದು ಸಲೀಸಾಗಿ ಬರುತ್ತಿದ್ದು, ಎರಡನೆಯದರಲ್ಲಿ 'ರಿಕ್ವೆಸ್ಟ್ ಟೈಮ್ಡ್ ಔಟ್' ಸಾಲುಸಾಲಾಗಿ ಬಂದರೆ ವೈಫೈ ಸರಿಯಾಗಿದೆ, ಕೆಟ್ಟಿರುವುದು ಆಚೆಯ ತುಂಡು. ಮೊದಲ ಕಿಟಕಿಯಲ್ಲೇ 3 ಇದ್ದದ್ದು 180, 400 ಎಂದು ಹಾರಿ, ನಡುನಡುವೆ ಉತ್ತರವೇ ತಪ್ಪುತ್ತಿದ್ದರೆ ತೊಂದರೆ ಮನೆಯೊಳಗೇ ಇದೆ. ಎರಡೂ ಸರಿಯಿದ್ದು ವೆಬ್‌ಸೈಟ್ ಮಾತ್ರ ತೆರೆಯದಿದ್ದರೆ ಡಿಎನ್‌ಎಸ್ ಮೇಲೆ, ಅಂದರೆ ವೆಬ್‌ಸೈಟ್ ಹೆಸರನ್ನು ಅಂಕಿಯ ವಿಳಾಸಕ್ಕೆ ಬದಲಿಸಿಕೊಡುವ ವ್ಯವಸ್ಥೆಯ ಮೇಲೆ ಅನುಮಾನಪಡಿ. ಒಂದು ಎಚ್ಚರಿಕೆ: ಎಲ್ಲೋ ಒಂದೆರಡು ಸಲ ಜಿಗಿದರೆ ತಲೆಕೆಡಿಸಿಕೊಳ್ಳಬೇಡಿ. ರೂಟರ್ ಬೇರೆ ಕೆಲಸದಲ್ಲಿದ್ದಾಗ ಪಿಂಗ್‌ಗೆ ತಡವಾಗಿ ಉತ್ತರ ಕೊಡುವುದುಂಟು.

ಇನ್ನೊಂದು ಬಗೆ ಇದೆ. ಮೊದಲನೆಯದು ಸರಿ, ಎರಡನೆಯದು 20ರಿಂದ 600ಕ್ಕೆ ಏರಿ ಅಲ್ಲೇ ನಿಲ್ಲುತ್ತದೆ, ಆದರೆ ತುಂಡಾಗುವುದಿಲ್ಲ. ಯಾರದೋ ಫೋನು ಫೋಟೊಗಳನ್ನು ಬ್ಯಾಕಪ್‌ಗೆ ಕಳಿಸುತ್ತಿರಬಹುದು. ಅಪ್‌ಲೋಡ್ ತುಂಬಿಹೋದರೆ ಉಳಿದವರ ಪ್ಯಾಕೆಟ್ಟುಗಳೆಲ್ಲ (ಡೇಟಾದ ಸಣ್ಣ ತುಣುಕುಗಳು) ಅದರ ಹಿಂದೆ ಸಾಲು ನಿಲ್ಲುತ್ತವೆ. ಬ್ಯಾಕಪ್ ನಿಲ್ಲಿಸಿ ನೋಡಿ. ರೂಟರ್‌ನಲ್ಲಿ ಕ್ಯೂಒಎಸ್ (ಯಾರಿಗೆ ಎಷ್ಟು ವೇಗ ಎಂದು ಹಂಚುವ ಸೆಟ್ಟಿಂಗ್) ಇದ್ದರೆ ಅಪ್‌ಲೋಡ್ ಮಿತಿಯನ್ನು ನಿಜವಾದ ವೇಗದ 85–90 ಶೇಕಡಾಕ್ಕೆ ಇಳಿಸಿ.

ತಪ್ಪು ವೈಫೈನದೇ ಎಂದು ಖಚಿತವಾದ ಮೇಲೆ ರೂಟರ್‌ನ ಸೆಟ್ಟಿಂಗ್ಸ್‌ನಲ್ಲಿ ಚಾನೆಲ್, ಅಂದರೆ ವೈಫೈ ಮಾತಾಡುವ ರೇಡಿಯೊ ಜಾಗ, ಯಾವುದೆಂದು ನೋಡಿ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11, ಈ ಮೂರೇ. ಅಕ್ಕಪಕ್ಕದವರು 1 ಮತ್ತು 6ರಲ್ಲಿದ್ದಾರೆ, ನಡುವಿನ 3 ಖಾಲಿಯಿದೆ ಎಂದು ಅಲ್ಲಿ ಹೋಗಿ ಕೂರಬೇಡಿ. ಒಂದೇ ಚಾನೆಲ್‌ನಲ್ಲಿರುವ ರೂಟರ್‌ಗಳು ಒಬ್ಬರ ಮಾತು ಮುಗಿದ ಮೇಲೆ ಇನ್ನೊಬ್ಬರು ಎಂಬಂತೆ ಸರದಿ ಹಂಚಿಕೊಳ್ಳುತ್ತವೆ. 3ರಲ್ಲಿದ್ದರೆ ಎರಡೂ ಕಡೆಯ ಮಾತು ಬರೀ ಗದ್ದಲವಾಗಿ ಕಿವಿಗೆ ಬೀಳುತ್ತದೆ. ಚಾನೆಲ್ ಅಗಲ 40 ಇದ್ದರೆ 20 ಮೆಗಾಹರ್ಟ್ಸ್‌ಗೆ ಇಳಿಸಿ. ರೂಟರ್ ಹಿಂದೆ ಯುಎಸ್‌ಬಿ 3 ಹಾರ್ಡ್ ಡಿಸ್ಕ್ ಸಿಕ್ಕಿಸಿದ್ದರೆ ಅದನ್ನೂ ತೆಗೆದು ನೋಡಿ, ಅದರ ಕೇಬಲ್‌ನಿಂದ ಹೊಮ್ಮುವ ರೇಡಿಯೊ ಗದ್ದಲ ಸರಿಯಾಗಿ 2.4ರ ಮೇಲೇ ಬೀಳುತ್ತದೆ.

5 ಗಿಗಾಹರ್ಟ್ಸ್ ವೇಗದ್ದು, ಗೋಡೆ ದಾಟುವುದರಲ್ಲಿ ಸೋಲುತ್ತದೆ. ಅಲ್ಲಿ 52ರಿಂದ 144ರವರೆಗಿನ ಚಾನೆಲ್‌ಗಳನ್ನು ರಾಡಾರ್‌ಗಳೂ ಬಳಸುತ್ತವೆ. ರಾಡಾರ್ ಕೇಳಿದಂತಾದರೆ ರೂಟರ್ ತಕ್ಷಣ ಜಾಗ ಬಿಡಬೇಕು, ಅಂಥದ್ದೇ ಇನ್ನೊಂದು ಚಾನೆಲ್‌ಗೆ ಹೋದರೆ ಕನಿಷ್ಠ 60 ಸೆಕೆಂಡ್ ಸುಮ್ಮನೆ ಕೇಳಿಸಿಕೊಂಡಿರಬೇಕು. ಹೊತ್ತುಗೊತ್ತಿಲ್ಲದೆ 5 ಗಿಗಾಹರ್ಟ್ಸ್ ಹೆಸರೇ ಮಾಯವಾಗಿ ಒಂದು ನಿಮಿಷದಲ್ಲಿ ವಾಪಸ್ ಬರುತ್ತಿದ್ದರೆ 36ರಿಂದ 48ರೊಳಗಿನ ಚಾನೆಲ್‌ಗೆ ಹಾಕಿ.

ರೂಟರ್‌ನ ಸಿಗ್ನಲ್ ಹಿಡಿದು ಮುಂದಕ್ಕೆ ಕಳಿಸುವ ರಿಪೀಟರನ್ನು ಸಿಗ್ನಲ್ ಬಾರದ ಕೋಣೆಯಲ್ಲೇ ಇಡುವವರು ಬಹಳ. ಅದಕ್ಕೇ ಕೇಳಿಸದ ಮಾತನ್ನು ಅದು ಮುಂದೆ ಹೇಗೆ ಹೇಳೀತು? ಅಲ್ಲಿಟ್ಟರೆ ಫೋನಿನ ಕಡ್ಡಿ ತುಂಬುತ್ತದೆ, ನೆಟ್ ತೆವಳುತ್ತದೆ, ಮತ್ತೆ ಅದೇ ಕಡ್ಡಿಯ ಮೋಸ. ನಡುದಾರಿಯಲ್ಲಿ, ಫೋನಿನ ವೈಫೈ ಆ್ಯಪ್ ಮೈನಸ್ 65 ಡಿಬಿಎಂ ಆಸುಪಾಸು ತೋರಿಸುವ ಕಡೆ ಇಡಿ. ಡಿಬಿಎಂ ಸಿಗ್ನಲ್ ಬಲದ ಅಳತೆ, ಸೊನ್ನೆಯಿಂದ ಕೆಳಗಿಳಿದಷ್ಟೂ ಬಲ ಕಡಿಮೆ. ಆ ಅಂಕಿ ಮೈನಸ್ 75ಕ್ಕಿಂತ ಕೆಳಗಿಳಿದ ಜಾಗ ಬೇಡ.

ಕೆಟ್ಟಿರುವುದು ಆಚೆಯ ತುಂಡಾದರೆ ನಿಮ್ಮ ಕೈಯಲ್ಲಾಗುವುದು ಕಡಿಮೆ. ಎಲ್‌ಒಎಸ್ ದೀಪ (ಫೈಬರ್‌ನಲ್ಲಿ ಸಿಗ್ನಲ್ ಬರುತ್ತಿಲ್ಲ ಎಂದು ಹೇಳುವ ದೀಪ) ಕೆಂಪಾಗಿದೆಯೇ, ಮಂಚದ ಹಿಂದೆ ಫೈಬರ್ ಮಡಿಸಿ ಸಿಕ್ಕಿಕೊಂಡಿದೆಯೇ ನೋಡಿ. ಆದರೆ ಬಿಚ್ಚಿದ ತುದಿಯೊಳಗೆ ಕಣ್ಣಿಟ್ಟು ನೋಡಬೇಡಿ, ಅದರಲ್ಲಿ ಕಣ್ಣಿಗೆ ಕಾಣದ ಲೇಸರ್ ಬೆಳಕಿರುತ್ತದೆ. ರೂಟರ್ ತಾನಾಗೇ ಆರಿ ಹತ್ತುತ್ತಿದ್ದರೆ ಅಡಾಪ್ಟರ್ ಓದಿ: ರೂಟರ್ ಮೇಲೆ 12 ವೋಲ್ಟ್ 1.5 ಆಂಪಿಯರ್ ಎಂದಿದ್ದು ಅಡಾಪ್ಟರ್ 1 ಆಂಪಿಯರ್‌ನದಾದರೆ, ಪಿನ್ ಸರಿಹೊಂದಿದರೂ ಹೊರೆ ಹೆಚ್ಚಾದಾಗ ಕೈಕೊಡುತ್ತದೆ. ಹಿಂದಿನ ಸಣ್ಣ ರಂಧ್ರಕ್ಕೆ ಮಾತ್ರ ದಯವಿಟ್ಟು ಪಿನ್ ಚುಚ್ಚಬೇಡಿ. ಅದು ರೀಸ್ಟಾರ್ಟ್ ಅಲ್ಲ, ರೀಸೆಟ್. ಕಂಪನಿ ಹಾಕಿಕೊಟ್ಟ ಯೂಸರ್‌ನೇಮ್, ಪಾಸ್‌ವರ್ಡ್ ಅಳಿಸಿಹೋಗಿ, ಇದ್ದ ನೆಟ್ಟೂ ಹೋಗಬಹುದು.

ಕಸ್ಟಮರ್ ಕೇರ್‌ಗೆ ಕರೆ ಮಾಡುವಾಗ "ನೆಟ್ ಸ್ಲೋ" ಎನ್ನಬೇಡಿ. ಲ್ಯಾಪ್‌ಟಾಪನ್ನು ಕೇಬಲ್‌ನಲ್ಲಿ ನೇರ ರೂಟರ್‌ಗೆ ಸಿಕ್ಕಿಸಿ ಇನ್ನೊಮ್ಮೆ ಪಿಂಗ್ ಓಡಿಸಿ, ಹೊತ್ತು ಬರೆದಿಟ್ಟುಕೊಂಡು ಹೀಗೆ ಹೇಳಿ: "ಕೇಬಲ್‌ನಲ್ಲಿ ರೂಟರ್ 1 ಮಿಲಿಸೆಕೆಂಡ್‌ಗೆ ಉತ್ತರ ಕೊಡ್ತಿದೆ. ರಾತ್ರಿ 9:10ರಿಂದ 9:14ರವರೆಗೆ 8.8.8.8 ಉತ್ತರ ಕೊಟ್ಟಿಲ್ಲ, ಆಗ ಎಲ್‌ಒಎಸ್ ದೀಪ ಕೆಂಪಾಗಿತ್ತು."