ಹೊಳೆ ತಿಳಿಯಾಗಿದೆ, ಇಳಿಯಬಹುದೇ?

ಪ್ರಶ್ನೆ: ಬೇಸಿಗೆ ರಜೆಗೆ ಮಕ್ಕಳೊಂದಿಗೆ ಊರಿಗೆ ಹೋಗುತ್ತಿದ್ದೇವೆ. ಮನೆಯ ಹಿಂದಿನ ಹೊಳೆಯಲ್ಲಿ ತಳದ ಕಲ್ಲುಗಳನ್ನು ಎಣಿಸಬಹುದು, ಅಷ್ಟು ತಿಳಿ. ಈಜಲು ಯೋಗ್ಯವೇ ಎಂದು ನಾವೇ ಪರೀಕ್ಷಿಸಿಕೊಳ್ಳುವುದು ಹೇಗೆ?

ಉತ್ತರ: ಮಣ್ಣು ತಳಕ್ಕೆ ಕೂತರೆ ಯಾವ ನೀರೂ ತಿಳಿಯಾಗುತ್ತದೆ. ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಹಾಗೆ ಕೂರುವುದೂ ಇಲ್ಲ, ಕಣ್ಣಿಗೆ ಬೀಳುವುದೂ ಇಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಲ್ಲಿ ಸ್ನಾನಕ್ಕೆ ಒಗ್ಗುವ ನೀರು ‘ಬಿ’ ದರ್ಜೆಯದು: 100 ಮಿಲಿಲೀಟರಿನಲ್ಲಿ ಒಟ್ಟು ಕೋಲಿಫಾರ್ಮ್ (ಮಲ ಬೆರೆತಿರಬಹುದೆಂಬ ಸುಳಿವು ಕೊಡುವ ಬ್ಯಾಕ್ಟೀರಿಯಾ) 500 ಮೀರಬಾರದು, ಲೀಟರಿಗೆ ಕರಗಿದ ಆಮ್ಲಜನಕ ಕನಿಷ್ಠ 5 ಮಿಲಿಗ್ರಾಂ ಇರಬೇಕು. ದೊಡ್ಡ ನದಿಗಳ ನೀರನ್ನು ಅಳೆದು ಹೀಗೆ ದರ್ಜೆ ಹಾಕುತ್ತಾರೆ. ನಿಮ್ಮ ಹಿತ್ತಿಲ ಹೊಳೆ ಆ ಪಟ್ಟಿಯಲ್ಲಿರುವ ಸಂಭವ ಕಡಿಮೆ. ಇದ್ದರೂ ಅಳೆದ ನೀರು ಈಗಾಗಲೇ ಸಮುದ್ರ ಸೇರಿರುತ್ತದೆ.

ಕುಡಿಯುವ ನೀರನ್ನು ಪರೀಕ್ಷಿಸಲು ಹಳ್ಳಿಗಳಲ್ಲಿ ಬಳಸುವ ಪುಟ್ಟ ಬಾಟಲಿಯೊಂದಿದೆ. ನೀರು ತುಂಬಿಸಿ ಒಂದೆರಡು ದಿನ ಇಟ್ಟಾಗ ಕಪ್ಪಾದರೆ ನೀರು ಕೆಟ್ಟಿದೆ ಎಂದರ್ಥ. ಹೊಳೆಗೆ ಅದರಿಂದ ಪ್ರಯೋಜನವಿಲ್ಲ. ದನಕರು ಇಳಿಯುವ ಯಾವ ಹೊಳೆಯ ನೀರೂ ಅದರಲ್ಲಿ ಕಪ್ಪಾಗುವುದೇ ಹೆಚ್ಚು, ಎಷ್ಟು ಕೆಟ್ಟಿದೆ ಎಂದು ಅದು ಹೇಳುವುದಿಲ್ಲ.

ಬಾಟಲಿಗಿಂತ ಕಾಲು ಮೇಲು. ಹೊಳೆಗುಂಟ ಮೇಲಕ್ಕೆ ಅರ್ಧ ಗಂಟೆ ನಡೆಯಿರಿ. ಊರ ಚರಂಡಿ ಎಲ್ಲಿ ಸೇರುತ್ತದೆ? ಸೇತುವೆಯ ಕೆಳಗೆ ಕೋಳಿ ಅಂಗಡಿಯ ಚೀಲಗಳು ಬಿದ್ದಿವೆಯೇ? ಸತ್ತ ಮೀನು, ಕರಗದೆ ನಿಂತ ನೊರೆ, ಹಸಿರು ಬಣ್ಣ ಚೆಲ್ಲಿದಂತಹ ಪಾಚಿಯ ಕೆನೆ ಕಂಡರೆ ಅಲ್ಲಿಂದಲೇ ಹಿಂದಿರುಗಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಬಿದ್ದಿದ್ದರೆ ಎರಡು ಮೂರು ದಿನ ಹೊಳೆಯ ಆಸೆ ಬಿಡಿ; ತಿಂಗಳುಗಟ್ಟಲೆ ದಂಡೆಯ ಮೇಲೆ ಒಣಗಿದ್ದೆಲ್ಲ ಮೊದಲ ಮಳೆಗೆ ನೀರಿಗಿಳಿಯುತ್ತದೆ. ಇಲಿಯ ಮೂತ್ರವೂ ಅದರಲ್ಲಿರುತ್ತದೆ. ಕಾಲಿನಲ್ಲಿ ಗಾಯವಿದ್ದರೆ ಇಲಿ ಜ್ವರಕ್ಕೆ ಅದೇ ಬಾಗಿಲು.

ಹರಿಯದ ಬೆಚ್ಚನೆಯ ಕೆರೆ, ಕಲ್ಯಾಣಿಗಳ ಮಾತು ಬೇರೆ. ಕೇರಳದಲ್ಲಿ 2024ರಲ್ಲಿ ಸುದ್ದಿಯಾದ ‘ಮೆದುಳು ತಿನ್ನುವ ಅಮೀಬಾ’ ಇರುವುದು ಇಂಥ ನೀರಿನಲ್ಲಿ. ಸೋಂಕು ತೀರಾ ಅಪರೂಪ, ತಗುಲಿದರೆ ಬದುಕುವವರೂ ಅಪರೂಪ. ಅದು ಒಳಹೋಗುವುದು ಮೂಗಿನಿಂದ, ಆದ್ದರಿಂದ ಅಲ್ಲಿ ಮುಳುಗುಹಾಕುವುದು ಬೇಡ.

ಇಷ್ಟು ಬರೆದ ಮೇಲೂ ನನ್ನ ದೊಡ್ಡ ಭಯ ರೋಗಾಣುವಿನದಲ್ಲ, ಆಳದ್ದು. ಮರಳು ತೆಗೆದ ಹೊಳೆಯಲ್ಲಿ ಮೊಣಕಾಲುದ್ದ ನೀರಿನ ಪಕ್ಕದ ಹೆಜ್ಜೆಯೇ ಆಳುದ್ದದ ಗುಂಡಿಯಾಗಿರಬಹುದು. ಒಂದು ಒಣ ಎಲೆ ನೀರಿಗೆ ಬಿಟ್ಟು ನೋಡಿ: ಸುಮ್ಮನೆ ತೇಲಿಹೋದರೆ ಸರಿ, ನಿಂತಲ್ಲೇ ಗಿರಗಿರನೆ ಸುತ್ತಿದರೆ ಕೆಳಗೆ ಸುಳಿ ಇರಬಹುದು. ಬಂಡೆಗಳನ್ನೂ ನೋಡಿ. ಈಗಿನ ನೀರಿನ ಮಟ್ಟಕ್ಕಿಂತ ಒಂದಡಿ ಮೇಲಿನವರೆಗೆ ಕಲ್ಲು ಒದ್ದೆಯಾಗಿದ್ದರೆ, ಸ್ವಲ್ಪ ಹೊತ್ತಿನ ಹಿಂದೆ ಹೊಳೆ ಅಷ್ಟು ಎತ್ತರದಲ್ಲಿತ್ತು, ಮತ್ತೆ ಅಲ್ಲಿಗೇರಬಹುದು ಎಂದರ್ಥ. ಮೇಲೆ ಅಣೆಕಟ್ಟೆ ಅಥವಾ ವಿದ್ಯುತ್ ಘಟಕ ಇರುವ ಹೊಳೆಯಲ್ಲಿ ಇದು ಬಿರುಬಿಸಿಲಿನಲ್ಲೂ ಆಗುತ್ತದೆ. ಸೈರನ್ ಕೂಗಿದರೆ ಬಟ್ಟೆ ಬಿಟ್ಟು ದಡ ಹತ್ತಿ. ಹೊಲದ ಕೃಷಿ ಹೊಂಡವನ್ನಂತೂ ಈಜುಕೊಳ ಎಂದುಕೊಳ್ಳಲೇಬೇಡಿ. ಪ್ಲಾಸ್ಟಿಕ್ ಹಾಸಿದ ಇಳಿಜಾರಿನಲ್ಲಿ ಈಜು ಬಲ್ಲವನಿಗೂ ಹಿಡಿಯಲು ಏನೂ ಸಿಗುವುದಿಲ್ಲ.

ದಿನವೂ ಅಲ್ಲಿ ಗಾಳ ಹಾಕುವವರು ಸಿಕ್ಕರೆ ‘ಇಲ್ಲಿ ಈಜಬಹುದಾ’ ಎಂದು ಕೇಳಬೇಡಿ, ನೆಂಟರ ಮನಸ್ಸು ನೋಯಿಸಬಾರದೆಂದು ಹೂಂ ಎಂದುಬಿಡುತ್ತಾರೆ. ‘ನಿಮ್ಮ ಮಕ್ಕಳನ್ನು ಇಲ್ಲಿ ಇಳಿಸುತ್ತೀರಾ, ಯಾವ ಜಾಗದಲ್ಲಿ’ ಎಂದು ಕೇಳಿ.

ಈಜಿ ಬಂದ ಎರಡು ಮೂರು ವಾರಗಳೊಳಗೆ ಜ್ವರ, ಮೈಕೈ ನೋವು, ತಲೆನೋವು ಬಂದರೆ ವೈದ್ಯರು ಕೇಳದಿದ್ದರೂ ಹೊಳೆಗೆ ಇಳಿದಿದ್ದನ್ನು ನೀವಾಗಿಯೇ ಹೇಳಿ.