“ಮೈಮ್ಯಾಲ ಇರಿವಿ ಹರಿದಂಗ ಆಗ್ತೈತ್ರಿ, ಏನು ಹಚ್ಚಬೇಕು?”

ಈ ಪ್ರಶ್ನೆ ವಾರಕ್ಕೆ ಎರಡು ಸಲವಾದರೂ ಬರುತ್ತದೆ. ಮಾನ್ವಿಯಿಂದ, ದೇವದುರ್ಗದಿಂದ, ಸಿಂಧನೂರಿನ ಕ್ಯಾಂಪುಗಳಿಂದ. “ಲೈಟ್ ಹಾಕಿ ನೋಡಿದ್ರ ಏನೂ ಇರಂಗಿಲ್ಲ, ಮಲಗಿದ್ರ ಮತ್ತ ಶುರು” ಎನ್ನುತ್ತಾರೆ. ಉತ್ತರ ಎಷ್ಟೋ ಸಲ ಬರೆದಿದ್ದೇನೆ. ಮೆಡಿಕಲ್ ಅಂಗಡಿಯ ಕಟ್ಟೆಯ ಮೇಲೆ ನಿಂತು ಹೇಳಿದ್ದಕ್ಕಂತೂ ಲೆಕ್ಕವಿಲ್ಲ. ಇನ್ನೊಮ್ಮೆ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಏನು ಹಚ್ಚಬೇಕು ಅನ್ನುವುದು ಆಮೇಲಿನ ಮಾತು. ಯಾಕೆ ಆಗುತ್ತಿದೆ ಅಂತ ಮೊದಲು ಹುಡುಕಬೇಕು. ವೈದ್ಯರು ಇದನ್ನು ಫಾರ್ಮಿಕೇಷನ್ ಅನ್ನುತ್ತಾರೆ. ಲ್ಯಾಟಿನ್ ಭಾಷೆಯಲ್ಲಿ ಫಾರ್ಮಿಕಾ ಅಂದರೆ ಇರುವೆ. ಅಂದರೆ ನಿಮಗೆ ಅನ್ನಿಸಿದ್ದು ಸುಳ್ಳಲ್ಲ, ನಿಮ್ಮೊಬ್ಬರಿಗೇ ಬಂದದ್ದೂ ಅಲ್ಲ.

ಈಗ ಆ ಹಠಮಾರಿ ನಂಬಿಕೆಗೆ ಬರೋಣ. “ಹುಳ ಇದ್ದೇ ಅದಾವ, ಸಣ್ಣವು, ಕಣ್ಣಿಗೆ ಕಾಣಂಗಿಲ್ಲ.”

ಹೋದ ವರ್ಷ ಹತ್ತಿ ಬೆಳೆಯುವ ಒಬ್ಬ ಹಿರಿಯರು ಬಂದು ಅಂಗಿ ತೋಳು ಏರಿಸಿದರು. ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ಕೆಂಪಾಗಿ ಸುಲಿದಿತ್ತು. ಮೊದಲು ಸೀಮೆಎಣ್ಣೆ ಹಚ್ಚಿದ್ದರು. ಅದಕ್ಕೂ ಬಗ್ಗಲಿಲ್ಲ ಅಂತ ಹತ್ತಿಗೆ ಹೊಡೆಯುವ ಎಣ್ಣಿಯನ್ನೇ, ಅಂದರೆ ಕೀಟನಾಶಕವನ್ನೇ, ನೀರಲ್ಲಿ ಕಲಸಿ ಸವರಿದ್ದರು. “ಹೊಲದಾಗಿನ ಹುಳ ಸಾಯ್ತಾವ, ಮೈಮ್ಯಾಲಿನವು ಸಾಯಂಗಿಲ್ಲೇನ್ರಿ?” ಎಂದರು. ಜೇಬಿನಿಂದ ಮಡಚಿದ ಕಾಗದ ತೆಗೆದು ಮುಂದಿಟ್ಟರು, ಹಿಡಿದ ಹುಳ ಅದರಲ್ಲಿದೆ ಎಂದರು. ಭೂತಗನ್ನಡಿ ಹಿಡಿದು ಇಬ್ಬರೂ ನೋಡಿದೆವು. ಎರಡು ಹತ್ತಿ ಎಳೆ, ಒಣಗಿದ ಚರ್ಮದ ಹೊಟ್ಟು, ಕೆರೆದು ಕಿತ್ತ ಒಂದು ಹಕ್ಕಳೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಶುಗರ್ ನೋಡಿಸಿಕೊಳ್ಳಿ ಎಂದು ಕಳಿಸಿದೆ. 300ರ ಮೇಲಿತ್ತು.

ಮೈಮೇಲೆ ನಿಜವಾಗಿ ಬದುಕುವ ಹುಳವೊಂದಿದೆ, ತುರಿಕಜ್ಜಿಯದು. ಅರ್ಧ ಮಿಲಿಮೀಟರ್ ಕೂಡ ಇಲ್ಲ. ಸಾಮಾನ್ಯ ಕಜ್ಜಿಯಲ್ಲಿ ಇಡೀ ಮೈಮೇಲೆ ಇರುವುದು ಹತ್ತು ಹದಿನೈದು ಅಷ್ಟೇ. ಅದು ನಡೆದಾಡುವುದು ನಮಗೆ ಗೊತ್ತೇ ಆಗುವುದಿಲ್ಲ. ತುರಿಕೆ ಬರುವುದು ಅದರ ಮೇಲೆ ಮೈ ಸಿಟ್ಟಾಗುವುದರಿಂದ, ಅದೂ ಮೊದಲ ಸಲವಾದರೆ ನಾಲ್ಕಾರು ವಾರ ಕಳೆದ ಮೇಲೆ. ಬೆರಳ ಸಂದಿ, ಮಣಿಕಟ್ಟು, ಸೊಂಟದಲ್ಲಿ ಗುಳ್ಳೆ ಇದ್ದು, ಮನೆಯ ಮಂದಿಗೂ ತುರಿಕೆ ಇದ್ದರೆ ಅದು ಕಜ್ಜಿ. 5% ಪರ್ಮೆತ್ರಿನ್ ಕ್ರೀಮನ್ನು ರಾತ್ರಿ ಕುತ್ತಿಗೆಯಿಂದ ಕೆಳಗೆ ಪೂರ್ತಿ ಹಚ್ಚಿ, ಬೆಳಿಗ್ಗೆ ತೊಳೆಯಬೇಕು. ವಾರ ಬಿಟ್ಟು ಇನ್ನೊಮ್ಮೆ. ಮನೆಯವರೆಲ್ಲ ಒಂದೇ ದಿನ ಹಚ್ಚಬೇಕು. ಸಣ್ಣ ಕೂಸು ಇದ್ದರೆ, ಬಸುರಿ ಇದ್ದರೆ ಡಾಕ್ಟರನ್ನು ಕೇಳಿ. ಹಾಗಾಗಿ ನೋಡಿ, ಕಜ್ಜಿಯ ಹುಳ ಇದ್ದಾಗ ಹರಿದಾಡಿದ್ದು ಗೊತ್ತಾಗಲ್ಲ. ಹರಿದಾಡಿದ್ದು ಗೊತ್ತಾಗುತ್ತಿದ್ದು, ದೀಪ ಹಾಕಿದರೆ ಏನೂ ಕಾಣದಿದ್ದರೆ ಅದು ಬಹುತೇಕ ನರದ ಕೆಲಸ.

ನಂಬಿಕೆ ಬರುತ್ತಿಲ್ವಾ? ಕಾಲು ಮಡಚಿ ಊಟಕ್ಕೆ ಕೂತು ಎದ್ದಾಗ ಜೋಮು ಹಿಡಿದು ಪಾದದ ತುಂಬ ಇರುವೆ ಹರಿಯುತ್ತವೆ. ಆಗ ಯಾರೂ ಸೀಮೆಎಣ್ಣೆ ಹುಡುಕುವುದಿಲ್ಲ ಅಲ್ವಾ? ಇದೂ ಅದೇ ಜಾತಿಯದು.

ನರ ಹೀಗೆ ಮಾಡಲು ಕಾರಣ ಹಲವು. ನಮ್ಮ ಕಡೆ ಜಾಸ್ತಿ ಕಾಣುವುದು ಶುಗರ್, ಆಮೇಲೆ ವಿಟಮಿನ್ ಬಿ12 ಕೊರತೆ. ಶುಗರಿನ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದರೂ ಬಿ12 ಇಳಿಯಬಹುದು. ಥೈರಾಯ್ಡ್, ಮೂತ್ರಪಿಂಡದ ತೊಂದರೆ, ಮುಟ್ಟು ನಿಲ್ಲುವ ವಯಸ್ಸು, ಇವೂ ಇವೆ. ರಕ್ತ ಪರೀಕ್ಷೆಯಲ್ಲಿ ಹೆಚ್ಚಿನವು ಗೊತ್ತಾಗುತ್ತವೆ. ಕಾರಣಕ್ಕೆ ಚಿಕಿತ್ಸೆಯಾದರೆ ಇರುವೆಯೂ ಕಡಿಮೆಯಾಗುತ್ತದೆ. ಪ್ರೆಗಾಬಾಲಿನ್, ಗ್ಯಾಬಾಪೆಂಟಿನ್ ತರಹದ ನರದ ಮಾತ್ರೆಗಳೂ ಇವೆ. ಡಾಕ್ಟರ್ ಚೀಟಿ ಇಲ್ಲದೆ ಕೊಡುವುದಿಲ್ಲ, ಕೇಳಬೇಡಿ. ಮೈಮೇಲೆ ತಿಳಿಬಣ್ಣದ ಮಚ್ಚೆ ಇದ್ದು, ಅಲ್ಲಿ ಮುಟ್ಟಿದರೆ ಗೊತ್ತಾಗದಿದ್ದರೆ ಕುಷ್ಠ ಇರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಪುಕ್ಕಟೆ, ಪೂರ್ತಿ ವಾಸಿಯಾಗುತ್ತದೆ.

ಒಂದು ಮಾತ್ರ ತಡ ಮಾಡುವಂಥದ್ದಲ್ಲ. ದಿನಾ ಕುಡಿಯುವವರು, ಸಿಎಚ್ ಪೌಡರ್ (ಕ್ಲೋರಲ್ ಹೈಡ್ರೇಟ್ ಎಂಬ ಮತ್ತಿನ ಪುಡಿ) ಬೆರೆಸಿದ ಸೇಂದಿಗೆ ಬಿದ್ದವರು ಏಕಾಏಕಿ ಬಿಟ್ಟರೆ, ಎರಡು ಮೂರು ದಿನದೊಳಗೆ ಹುಳ ಹರಿದಂತೆ ಆಗಿ, ಕೈ ನಡುಗಿ, ಇಲ್ಲದ್ದು ಕಾಣಬಹುದು. ಅದನ್ನು ದೆವ್ವ ಅಂದುಕೊಂಡು ಕೂರಬೇಡಿ. ಅದೇ ರಾತ್ರಿ ರಾಯಚೂರಿನ ಸರ್ಕಾರಿ ಆಸ್ಪತ್ರೆಯಾದ ರಿಮ್ಸ್‌ಗೋ ಹತ್ತಿರದ ತಾಲ್ಲೂಕು ಆಸ್ಪತ್ರೆಗೋ ಒಯ್ಯಿರಿ, ಜೀವದ ಪ್ರಶ್ನೆ.

ಎಲ್ಲ ಪರೀಕ್ಷೆ ಸರಿಯಿದ್ದೂ ಹುಳ ಇದ್ದೇ ಇದೆ ಅನ್ನುವವರೂ ಇರುತ್ತಾರೆ. ಸ್ವೀಡನ್ನಿನ ನರವೈದ್ಯ ಎಕ್‌ಬೊಮ್ 1938ರಲ್ಲೇ ಇಂಥವರ ಬಗ್ಗೆ ಬರೆದರು. ಮನೆಯವರು ಅವರನ್ನು ಬೈಯಬೇಡಿ, “ಹೌದು, ನನಗೂ ಕಾಣ್ತು” ಅಂತಲೂ ಹೇಳಬೇಡಿ. “ನಿದ್ದಿ ಇಲ್ಲದ ತ್ರಾಸ ಆಗ್ಯಾದ, ತೋರಿಸೋಣ ಬಾ” ಎಂದು ಕರೆದುಕೊಂಡು ಹೋಗಿ. ಇದಕ್ಕೆ ಮಾತ್ರೆ ಇದೆ.

ಇನ್ನು ಯಾರೂ ಕೇಳದ, ಆದರೆ ಕೇಳಬೇಕಾದ ಪ್ರಶ್ನೆ. ಹತ್ತಿಗೆ ಎಣ್ಣಿ ಹೊಡೆದ ದಿನ ಸಂಜೆ ಮುಖದ ಮೇಲೆ ಇರುವೆ ಹರಿಯುವುದೇಕೆ? ಸೈಪರ್‌ಮೆತ್ರಿನ್, ಲ್ಯಾಂಬ್ಡಾ ತರಹದ ಕೀಟನಾಶಕ ಔಷಧಿ ಹುಳದ ನರವನ್ನು ಸುಮ್ಮನಿರಲು ಬಿಡದೆ ಕೊಲ್ಲುತ್ತದೆ. ಚರ್ಮಕ್ಕೆ ಬಿದ್ದರೆ ನಮ್ಮ ನರದ ತುದಿಗಳನ್ನೂ ಹಾಗೇ ಕೆಣಕುತ್ತದೆ. ಆ ಹಿರಿಯರು ಹುಳ ಸಾಯಲಿ ಎಂದು ಸವರಿದ್ದು ಹೊಸ ಇರುವೆಗಳನ್ನೇ ಹುಟ್ಟಿಸಿತ್ತು. ಕಜ್ಜಿಯ ಪರ್ಮೆತ್ರಿನ್ ಕೂಡ ಇದೇ ಮನೆತನದ್ದು ನಿಜ. ಆದರೆ ಅದು ಚರ್ಮಕ್ಕೆಂದೇ ಅಳತೆ ಮಾಡಿದ್ದು, ಹೊಲದ ಡಬ್ಬಿ ಹಾಗಲ್ಲ.

ಎಣ್ಣಿ ಹೊಡೆದ ಮೇಲಿನ ಈ ಜುಮುಜುಮು ಸಾಮಾನ್ಯವಾಗಿ ಒಂದು ದಿನದಲ್ಲಿ ಇಳಿಯುತ್ತದೆ. ಬಿಸಿಲು, ಬೆವರಿಗೆ ಹೆಚ್ಚಾಗುತ್ತದೆ. ವಾಂತಿ, ತಲೆಸುತ್ತು, ಉಸಿರಿನ ತೊಂದರೆ ಇದ್ದರೆ ಔಷಧಿಯ ಡಬ್ಬಿ ಸಮೇತ ಆಸ್ಪತ್ರೆಗೆ ಓಡಿ. ಹೊಡೆಯುವಾಗ ತುಂಬುತೋಳಿನ ಅಂಗಿ, ಕೈಗವಸು ಇರಲಿ, ಗಾಳಿಗೆ ಎದುರಾಗಿ ನಡೆಯಬೇಡಿ. ಬೆವರಿದ ಮುಖವನ್ನು ಅದೇ ಕೈಯಿಂದ ಒರೆಸಬೇಡಿ. ಮನೆಗೆ ಬಂದವರೇ ಸೋಪು ಹಚ್ಚಿ ಮೈ ತೊಳೆಯಿರಿ. ಆ ಅಂಗಿಯನ್ನು ಮಕ್ಕಳ ಬಟ್ಟೆಯ ಜೊತೆ ನೆನೆಹಾಕಬೇಡಿ.