ತವರಿಗೆ ಬಂದವರು, ಚಳಿಗೆ ಬಂದವರು

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೇ ಹೆದ್ದಾರಿಯಲ್ಲಿ, ಚನ್ನಪಟ್ಟಣ ದಾಟಿದ ಮೇಲೆ ರುದ್ರಾಕ್ಷಿಪುರದ ಹತ್ತಿರ ಎಡಕ್ಕೆ ತಿರುಗಿ ಸ್ವಲ್ಪ ದೂರ ಹೋದರೆ ಕೊಕ್ಕರೆ ಬೆಳ್ಳೂರು ಸಿಗುತ್ತದೆ. ಫೆಬ್ರವರಿಯಲ್ಲಿ ಹೋಗಿ ನೋಡಿ. ಮನೆ ಮುಂದಿನ ಹುಣಸೆಮರದ ತುದಿಯಲ್ಲೇ ಹೆಜ್ಜಾರ್ಲೆಯ (ಪೆಲಿಕನ್ ಹಕ್ಕಿಯ) ಗೂಡು. ಮರಿ ತನ್ನ ತಲೆಯನ್ನೇ ಅಮ್ಮನ ಗಂಟಲ ಚೀಲದೊಳಗೆ ತೂರಿಸಿ ಮೀನು ಹುಡುಕುತ್ತಿರುತ್ತದೆ. ಕೆಳಗೆ ಹೆಂಚಿನ ಮೇಲೆಲ್ಲ ಸುಣ್ಣ ಬಳಿದ ಹಾಗೆ ಹಿಕ್ಕೆ. ವಾಸನೆಯೂ ಜಾಸ್ತಿಯೇ.

ನೋಡಲು ಬಂದವರಲ್ಲಿ ಒಬ್ಬರಾದರೂ 'ಇವು ಆಸ್ಟ್ರೇಲಿಯಾದಿಂದ ಬರುತ್ತವೆ' ಅನ್ನುತ್ತಾರೆ. ಎಲ್ಲಿಯ ಆಸ್ಟ್ರೇಲಿಯಾ! ಹೆಜ್ಜಾರ್ಲೆಯೂ ಬಣ್ಣದ ಕೊಕ್ಕರೆಯೂ ನಮ್ಮ ಕಡೆಯವೇ. ಉಳಿದ ದಿನಗಳಲ್ಲಿ ಕೆರೆಯಿಂದ ಕೆರೆಗೆ ಮೀನಿನ ಹಿಂದೆ ಅಲೆಯುತ್ತವೆ, ಮರಿ ಮಾಡಲು ಮಾತ್ರ ಇಲ್ಲಿಗೆ ಬರುತ್ತವೆ. ಊರಿನವರು ಇದನ್ನು ಮೊದಲಿನಿಂದಲೂ ಸರಿಯಾಗಿಯೇ ಹೇಳುತ್ತಾ ಬಂದಿದ್ದಾರೆ: ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು.

ಈ ತವರಿಗೂ ಒಂದು ಕಥೆಯಿದೆ. ಹಿಂದೆ ಊರು ಶಿಂಷಾ ನದಿಯ ದಡದಲ್ಲಿತ್ತು. 1916ರ ಸುಮಾರಿಗೆ ಪ್ಲೇಗ್ ಬಂದು ಜನ ಈಗಿರುವ ಜಾಗಕ್ಕೆ ಬಂದರು. ಹಕ್ಕಿಗಳೂ ತಮ್ಮ ಹಿಂದೆಯೇ ಬಂದವು ಅನ್ನುತ್ತಾರೆ ಊರಿನ ಹಿರಿಯರು. ನಂಬಲು ಕಷ್ಟವೇನಲ್ಲ. ಗೂಡು ಕಟ್ಟುವ ಹಕ್ಕಿಗೆ ಬೇಕಾದ್ದು ಭಾರ ತಡೆಯುವ ಮರ, ಹಾರಿ ಹೋಗಿ ಬರುವಷ್ಟು ದೂರದಲ್ಲಿ ಮೀನು, ಮೊಟ್ಟೆಗೆ ಕೈ ಹಾಕದ ಜನ. ಜನರ ಕಡೆಯಿಂದಲೂ ಲೆಕ್ಕಾಚಾರ ಇತ್ತು. ಮರದಡಿ ಗುಂಡಿ ತೋಡಿ, ಕೆರೆಗೋಡು ಹಾಕಿ, ಉದುರಿದ ಹಿಕ್ಕೆ ಸೇರಿಸಿದರೆ ಹೊಲಕ್ಕೆ ಒಳ್ಳೇ ಗೊಬ್ಬರ.

1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಈ ಊರಿನ ಬಗ್ಗೆ ಬರೆದ ಮೇಲೆ ಹೊರಗಿನವರ ಕಣ್ಣು ಇತ್ತ ಬಿತ್ತು. ಅಷ್ಟರಲ್ಲಿ ತಕರಾರೂ ಇತ್ತು. ಹಕ್ಕಿ ಕೂತ ಮರದ ಹುಣಸೆಹಣ್ಣು ಹಿಕ್ಕೆ ಬಿದ್ದು ಹಾಳು. ಮರ ಮಾರಿದರೆ ಕೈಗೆ ದುಡ್ಡು. ತವರುಮನೆ ಅಂತ ಬಾಯಲ್ಲಿ ಹೇಳಿದರೆ ಹೊಟ್ಟೆ ತುಂಬುತ್ತದಾ? ಕೊನೆಗೆ ಅರಣ್ಯ ಇಲಾಖೆ ಹಣ್ಣು ಕೀಳದೆ ಬಿಟ್ಟ ಮರಗಳಿಗೆ ಪರಿಹಾರ ಕೊಡತೊಡಗಿತು. 1994ರಲ್ಲಿ ಊರ ಹುಡುಗರು ಸೇರಿ 'ಹೆಜ್ಜಾರ್ಲೆ ಬಳಗ' ಕಟ್ಟಿಕೊಂಡರು. ಗೂಡಿನಿಂದ ಕೆಳಗೆ ಬಿದ್ದ ಮರಿಗಳನ್ನು ಬೇಲಿಯೊಳಗಿಟ್ಟು, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಬಿಡುವ ಕೆಲಸ. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವಾಯಿತು.

ಇಷ್ಟೆಲ್ಲ ಆದ ಮೇಲೂ 2017ರ ಕೊನೆಯಿಂದ 2018ರ ಮೊದಲ ತಿಂಗಳುಗಳವರೆಗೆ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತು ಬಿದ್ದವು. ಕೊಯ್ದು ನೋಡಿದಾಗ ಹೊಟ್ಟೆಯಲ್ಲಿ ಜಂತುಹುಳು. ಈ ಜಾತಿಯ ಹುಳು ಹಕ್ಕಿಯ ಹೊಟ್ಟೆ ಸೇರುವುದು ಮೀನಿನ ಮೂಲಕ. ಗೂಡಿನ ಮರ ಭದ್ರವಾಗಿಯೇ ಇತ್ತು. ರೋಗ ಬಂದಿದ್ದು ಊಟದ ಜಾಗದಿಂದ. ಆದರೆ ನಾವು ಕಾಯುವುದು ಹಕ್ಕಿ ನಮ್ಮ ಕಣ್ಣಿಗೆ ಕಾಣುವ ಜಾಗವನ್ನು ಮಾತ್ರ. ಅದು ಉಣ್ಣಲು ಹೋಗುವ ಕೆರೆಗಳು ಯಾರ ಪಟ್ಟಿಯಲ್ಲೂ ಇರುವುದಿಲ್ಲ.

ಎಲ್ಲ ಕಡೆಯೂ ಊರೊಳಗೇ ಗೂಡು ಅಂತೇನಿಲ್ಲ. ರಂಗನತಿಟ್ಟಿನಲ್ಲಿ ಕಾವೇರಿಯ ನಡುವಿನ ತಿಟ್ಟುಗಳೇ ಕೋಟೆ. ಪಕ್ಷಿತಜ್ಞ ಸಲೀಂ ಅಲಿಯವರ ಮಾತು ಕೇಳಿ ಮೈಸೂರು ಅರಸರು 1940ರಲ್ಲಿ ಅದನ್ನು ಪಕ್ಷಿಧಾಮ ಮಾಡಿದರು. ವಿಜಯನಗರ ಜಿಲ್ಲೆಯ ಅಂಕಸಮುದ್ರದಲ್ಲಿ ಕೆರೆಯೊಳಗೇ ನಿಂತ ಕರಿಜಾಲಿ ಮರಗಳಲ್ಲಿ ಗೂಡು. ಬುಡದಲ್ಲಿ ನೀರಿದ್ದರೆ ನಾಯಿ, ಮನುಷ್ಯ ಯಾರೂ ಸುಮ್ನೆ ಹತ್ತಿರ ಬರುವುದಿಲ್ಲ.

ನಿಜವಾದ ದೂರದ ನೆಂಟರನ್ನು ನೋಡಬೇಕಾದರೆ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಬೇಕು. ನವೆಂಬರ್ ಹೊತ್ತಿಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಅವು ಮರಿ ಮಾಡುವುದು ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆಯ ಎತ್ತರದ ಸರೋವರಗಳ ಬಳಿ. ಮಂಗೋಲಿಯಾದಲ್ಲಿ ಕುತ್ತಿಗೆಗೆ ಪಟ್ಟಿ ಹಾಕಿ ಬಿಟ್ಟ ಹಕ್ಕಿಗಳು ಕರ್ನಾಟಕದಲ್ಲಿ ಕಂಡಿವೆ.

ಚಳಿಗಾಲಕ್ಕೆ ಬಂದ ಹಕ್ಕಿಗೆ ಗೂಡಿನ ಚಿಂತೆಯಿಲ್ಲ. ಹೊಟ್ಟೆ ತುಂಬಬೇಕು, ನೆಮ್ಮದಿಯಾಗಿ ಒರಗಲು ಜಾಗ ಬೇಕು, ಅಷ್ಟೇ. ಹಾಗಾಗಿ ಒಂದೇ ಮರ, ಒಂದೇ ಕೆರೆ ಅನ್ನುವ ಹಟ ಇಲ್ಲ. ಒಂದು ಕೆರೆ ಬತ್ತಿದರೆ ಇನ್ನೊಂದಕ್ಕೆ ಹೋಗುತ್ತವೆ. ಆದರೆ ಆ ಇನ್ನೊಂದು ಕೆರೆ ಇರಬೇಕಲ್ವಾ? ಗೂಡು ಕಟ್ಟುವ ಹಕ್ಕಿಗೆ ಒಂದೊಂದು ಮರವೂ ಮುಖ್ಯ. ಈ ನೆಂಟರಿಗೆ ಸುತ್ತಲಿನ ಹತ್ತು ಕೆರೆಗಳೂ ಮುಖ್ಯ.

2024ರಲ್ಲಿ ಮಾಗಡಿ ಕೆರೆಯ ಹೆಸರು ಅಂಕಸಮುದ್ರದ ಜೊತೆ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿತು. ಹಗಲಲ್ಲಿ ಹೆಬ್ಬಾತುಗಳು ಅದೇ ಕೆರೆಯ ನೀರಲ್ಲಿ, ದಂಡೆಯಲ್ಲಿ ಕೊಕ್ಕನ್ನು ರೆಕ್ಕೆಗೆ ಸಿಕ್ಕಿಸಿಕೊಂಡು ತೂಕಡಿಸುತ್ತವೆ. ಹೊತ್ತು ಮುಳುಗುತ್ತಿದ್ದಂತೆ ಒಂದು ಗುಂಪು ಏಳುತ್ತದೆ, ಹಿಂದೆಯೇ ಇನ್ನೊಂದು. ಕೂಗುತ್ತಾ ಏರಿಯನ್ನೂ, ಅದರಾಚೆಯ ಮೀಸಲು ಪ್ರದೇಶದ ಗಡಿಯನ್ನೂ ದಾಟಿ ಶೇಂಗಾ, ಕಡಲೆ ಹೊಲಗಳ ಕಡೆ ಹೋಗುತ್ತವೆ.